ರುಚಿ ನೋಡುವ ಚಮಚ

ನನ್ನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ನನ್ನ ಕಾಲಡಿ. ಡ್ರೈವಿಂಗ್ ಕಲಿಸುವ ಕೆಲಸ ಹಿಡಿದ ಮೇಲೆ ನನ್ನ ಕಾಲು ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತದೆ, ಸಿನಿಮಾ ನೋಡುತ್ತಿದ್ದರೂ ಒತ್ತುತ್ತದೆ. ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಹಿಡಿದು, ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಅವರದು ಲಿಫ್ಟ್ ರಿಪೇರಿ ಕೆಲಸ. ಹಗ್ಗವನ್ನು ನಂಬಿ ಬದುಕುವವರ ಪೈಕಿ ಅವರು. ನಾನು ಯಾರನ್ನೂ ನಂಬದೆ ಬದುಕುವವಳು. ಇವಳಿಗೆ ಕೋಪ ಮೂಗಿನ ತುದಿಯಲ್ಲೇ ಅಂತ ಜನ ಹೇಳುತ್ತಾರೆ, ಹೇಳಲಿ. ಗೇರ್ ಯಾವುದು, ಕ್ಲಚ್ ಯಾವುದು ಗೊತ್ತಿಲ್ಲದವನ ಪಕ್ಕದಲ್ಲಿ ಲಾರಿಗಳ ನಡುವೆ ಒಂದು ಬೆಳಗ್ಗೆ ಕೂತು ನೋಡಿದರೆ ಅವರ ಮೂಗಿನ ತುದಿಗೂ ಬರುತ್ತದೆ.

ನಮಗೆ ಒಬ್ಬಳೇ ಮಗಳು. ಹುಟ್ಟಿದಾಗ ಕೈಕಾಲೆಲ್ಲ ಮಡಿಕೆ ಮಡಿಕೆ, ಕೆನ್ನೆ ಊದಿಕೊಂಡು ಕಣ್ಣೇ ಕಾಣುತ್ತಿರಲಿಲ್ಲ. ಡುಮ್ಮಿ ಅಂತ ಕರೆದೆವು, ಅದೇ ಉಳಿಯಿತು. ಡುಮ್ಮಿಗೆ ಹಾಲು ಆಗುವುದಿಲ್ಲ. ಆಗುವುದಿಲ್ಲ ಅಂದರೆ ಹೊಟ್ಟೆ ಕೆಡುವುದು, ಮೈ ತುರಿಸುವುದು ಅಲ್ಲ. ನಂಟರ ಮನೆಯ ಊಟದಲ್ಲಿ ಹಾಲಿನ ಸಿಹಿ ತಿರುವಿದ ಸೌಟನ್ನೇ ಯಾರೋ ಆಲೂಗಡ್ಡೆಯ ಪಾತ್ರೆಗೂ ಹಾಕಿದ್ದರು. ಡುಮ್ಮಿ ಆಲೂಗಡ್ಡೆ ತಿಂದಳು. ತುಟಿ ದಪ್ಪಗಾಯಿತು, ದನಿ ಗೊಗ್ಗರಾಯಿತು, ಆಮೇಲೆ ದನಿಯೇ ಹೊರಡಲಿಲ್ಲ. ಆಸ್ಪತ್ರೆಗೆ ಕಾರು ಓಡಿಸಿದವಳು ನಾನೇ. ಹಿಂದಿನ ಸೀಟಿನಿಂದ ಶಿಳ್ಳೆಯಂಥ ಉಸಿರು ಕೇಳುತ್ತಿತ್ತು. ಆ ಸದ್ದು ಕೇಳಲಾಗದು, ಆದರೆ ಅದು ನಿಂತರೆ ಏನು ಗತಿ ಅಂತ ಕಿವಿಯನ್ನೆಲ್ಲ ಹಿಂದಿಟ್ಟುಕೊಂಡೇ ಓಡಿಸಿದೆ. ಡುಮ್ಮಿ ಬದುಕಿದಳು. ನಾನು ಮಾತ್ರ ಆ ಕಾರಿನಿಂದ ಇನ್ನೂ ಪೂರ್ತಿ ಇಳಿದಿಲ್ಲ.

ಪರೀಕ್ಷೆ ಮಾಡಿ, ಮೊಟ್ಟೆಯೂ ಆಗುವುದಿಲ್ಲ, ಹಾಲು, ಮೊಟ್ಟೆ ಎರಡನ್ನು ಬಿಟ್ಟರೆ ಸಾಕು ಅಂದರು ಡಾಕ್ಟರು. ತೊಡೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ನು ಕೊಟ್ಟು, ಯಾವಾಗಲೂ ಜೊತೆಗಿರಲಿ ಅಂದರು. ನನಗೆ ಸಾಕಾಗಲಿಲ್ಲ. ಮಾಂಸವನ್ನು ಮೊಸರಿನಲ್ಲಿ ನೆನೆಸುತ್ತಾರೆ, ಮೀನನ್ನು ಬೆಣ್ಣೆಯಲ್ಲಿ ಕರಿಯುತ್ತಾರೆ, ಕರಿದ ಬಾಣಲೆಯನ್ನು ಎಷ್ಟು ತೊಳೆದರೋ ಯಾರು ನೋಡಿದರು? ಮನೆಗೆ ಬಂದವಳೇ ಫ್ರಿಜ್ಜಿನ ಬಾಗಿಲು ತೆಗೆದು ಎಲ್ಲವನ್ನೂ ಗುಡಿಸಿ ಎಸೆದೆ. ಇವತ್ತಿನಿಂದ ಈ ಮನೆಯಲ್ಲಿ ಗಿಡದಲ್ಲಿ ಬೆಳೆದದ್ದು ಬಿಟ್ಟು ಬೇರೇನೂ ಬೇಯುವುದಿಲ್ಲ ಅಂತ ಕಡ್ಡಿ ಮುರಿದಂತೆ ಹೇಳಿದೆ.

"ಅಂದ್ರೆ ನಾವೂ ವೀಗನ್ ಆದ್ವಾ?" ಅಂದರು ನಮ್ಮ ಯಜಮಾನರು. ಅವರ ದನಿಯಲ್ಲಿ ಆಗಷ್ಟೇ ಕಸದ ಬುಟ್ಟಿ ಸೇರಿದ್ದ ಸಾಸೇಜುಗಳ ದುಃಖವಿತ್ತು.

"ಹೆಸ್ರು ಏನಾದ್ರೂ ಇಟ್ಕೊಳ್ಳಿ."

"ಜನ ಹಸು ಮೇಲೆ ಕರುಣೆಯಿಂದ ಆಗ್ತಾರೆ, ಭೂಮಿ ಉಳಿಸ್ಬೇಕು ಅಂತ ಆಗ್ತಾರೆ. ನಾವು ನಿನ್ನ ಭಯಕ್ಕೆ ಆಗಿದ್ದೀವಿ ಕಣೇ."

ಮೊದಮೊದಲು ನಾನು ಮಾಡಿದ್ದನ್ನು ನಾಯಿಯೂ ಮೂಸುತ್ತಿರಲಿಲ್ಲ. ಟೋಫು ಶಾಲೆಯ ರಬ್ಬರಿನಂತಿತ್ತು. ಓಟ್ಸ್ ಹಾಲಿನ ಕಾಫಿ ಕುಡಿದ ನಮ್ಮ ಯಜಮಾನರು ಹರಳೆಣ್ಣೆ ಕುಡಿದ ಮುಖ ಮಾಡಿ, ಓಟ್ಸ್ ತೊಳೆದ ನೀರಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಕೇಳಿದರು. ಮೊಟ್ಟೆಯಿಲ್ಲದ ಕೇಕು ಒಲೆಯಿಂದ ಇಳಿಯುತ್ತಲೇ ಕುಸಿದು ಕೂತಿತು. ಆದರೂ ಬಿಡಲಿಲ್ಲ. ಟೋಫುವನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ಭಾರವಿಟ್ಟು ನೀರು ಹಿಂಡಬೇಕು ಅಂತ ಕಲಿತೆ. ಗೋಡಂಬಿ ನೆನೆಸಿ ರುಬ್ಬಿದರೆ ಕೆನೆಗಿಂತ ಗಟ್ಟಿ ಸಾಸ್ ಆಗುತ್ತದೆ ಅಂತ ಕಲಿತೆ. ಅಣಬೆಯನ್ನು ಬಿಸಿ ಬಾಣಲೆಯಲ್ಲಿ ಮುಟ್ಟದೆ ಬಿಟ್ಟರೆ ಅದಕ್ಕೆ ತಾನಾಗಿ ಬಣ್ಣ ಬರುತ್ತದೆ ಅಂತಲೂ ಕಲಿತೆ. ಡುಮ್ಮಿ ತಟ್ಟೆ ನೆಕ್ಕಿ ತಿನ್ನುವಂತಾಯಿತು. ಅವಳು ತಿನ್ನುವಾಗ ನಾನು ಎದುರಿಗೆ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ನನ್ನ ಅಡುಗೆಯೇ, ನನ್ನ ಪಾತ್ರೆಯೇ, ಆದರೂ ಪ್ರತಿ ತುತ್ತಿಗೂ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

ಹೊರಗಿನ ಊಟ ಮಾತ್ರ ಬಂದ್. ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಒಂದು ಹೋಟೆಲಿನಲ್ಲಿ ಕೇಳಿದರೆ, "ಹಾಲು ಇಲ್ಲವೇ ಇಲ್ಲ ಮೇಡಂ, ಬೆಣ್ಣೆ ಒಂಚೂರು ಅಷ್ಟೇ" ಅಂದ. ಇನ್ನೊಂದರಲ್ಲಿ, "ಮೊಟ್ಟೆ ಹಾಕಲ್ಲ, ಬರೀ ಮಯೊನೇಸ್" ಅಂದಳು. ಬೆಣ್ಣೆ ಮರದಲ್ಲಿ ಬಿಡುತ್ತದೆ, ಮಯೊನೇಸ್ ಮೊಟ್ಟೆಯಿಲ್ಲದೆ ಆಗುತ್ತದೆ ಅಂದುಕೊಂಡಿರುವ ಇಂಥವರ ಕೈಗೆ ನನ್ನ ಮಗಳನ್ನು ಕೊಡುವುದೇ? ಇಬ್ಬರ ಬೆವರಿಳಿಸಿ ಹೊರಗೆ ಬಂದಿದ್ದೆ. ಡುಮ್ಮಿ ನಾಚಿಕೆಯಿಂದ ನನಗಿಂತ ಮುಂಚೆ ರಸ್ತೆಗೆ ಇಳಿದಿದ್ದಳು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಗೆಳತಿಯರು ಎಲ್ಲೋ ಊಟಕ್ಕೆ ಹೊರಟರೆ ತಲೆನೋವು ಅಂತ ಮನೆಗೆ ಬರುತ್ತಿದ್ದಳು.

ಹೀಗಿರುವಾಗ ನಮ್ಮ ಡ್ರೈವಿಂಗ್ ಸ್ಕೂಲಿನ ಬೀದಿಯಲ್ಲೇ, ಮುಚ್ಚಿಹೋದ ಚಪ್ಪಲಿ ಅಂಗಡಿಯ ಜಾಗದಲ್ಲಿ ಒಂದು ಊಟದ ಅಂಗಡಿ ತೆರೆಯಿತು. ಗಾಜಿನ ಮೇಲೆ ಹಸಿರು ಅಕ್ಷರದಲ್ಲಿ, ಇಲ್ಲಿ ಎಲ್ಲವೂ ಗಿಡದ್ದೇ ಅಂತ ಬರೆದಿತ್ತು. ನಾನು ನಂಬುವವಳೇ? ಪಾಠದ ನಡುವೆ ಬಿಡುವು ಸಿಕ್ಕಾಗೆಲ್ಲ ಒಬ್ಬಳೇ ಹೋಗಿ ಕೂತೆ. ಅಡುಗೆ ಮಾಡುವವನೇ ಮಾಲೀಕ, ತೊಲೆಯಂಥ ತೋಳಿನ ಆಳು. ನಮ್ಮ ಮನೆಯಲ್ಲಿ ಅವನಿಗೆ ಪೈಲ್ವಾನ್ ಅಂತ ಹೆಸರಾಯಿತು. ನಾನು ಮಗಳ ಕಥೆ ಹೇಳಿ ಪೈಲ್ವಾನನ ಜನ್ಮ ಜಾಲಾಡಿದೆ. ಎಣ್ಣೆ ಯಾವುದು, ಬ್ರೆಡ್ ಎಲ್ಲಿಂದ ಬರುತ್ತದೆ, ಆ ಬೇಕರಿಯಲ್ಲಿ ಬೇರೆ ಏನು ಮಾಡುತ್ತಾರೆ, ಈ ಬಾಣಲೆ ಹೊಸದೋ ಯಾರಾದರೂ ಕೊಟ್ಟದ್ದೋ, ಎಲ್ಲ ಕೇಳಿದೆ. ಅವನು ಒಂದಕ್ಕೂ ಬೇಸರಿಸಲಿಲ್ಲ. ಒಳಗೆ ಕರೆದು ಫ್ರಿಜ್ಜು, ಡಬ್ಬಗಳು, ಚೀಲಗಳು, ಎಲ್ಲ ತೆಗೆದು ತೋರಿಸಿದ.

"ಅಕ್ಕಾ, ಈ ಬಾಗ್ಲು ದಾಟಿ ಹಾಲು ಒಳಗೆ ಬರಲ್ಲ," ಅಂದ. "ಬರೋದಾದ್ರೆ ನನ್ನ ಹೆಣ ದಾಟಿ ಬರ್ಬೇಕು."

ನನಗೆ ಇಷ್ಟವಾದ ಮಾತು ಅದು. ಮನೆಗೆ ಬಂದು, ಭಾನುವಾರ ಹೊರಗೆ ಊಟ ಅಂದೆ. ಡುಮ್ಮಿ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡಿದಳು.

ಭಾನುವಾರ ಮಧ್ಯಾಹ್ನ ಅಂಗಡಿ ತುಂಬಿತ್ತು. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಒಂದು ದೊಡ್ಡ ಕಿಂಡಿ ಇತ್ತು, ನಾನು ಅದರ ಎದುರಿನ ಟೇಬಲನ್ನೇ ಹಿಡಿದೆ. ಡುಮ್ಮಿ ಮೆನು ತೆಗೆದು ಮೊದಲ ಸಾಲಿನಿಂದ ಓದತೊಡಗಿದಳು. ಅವಳು ಓದುತ್ತಲೇ ಇದ್ದಳು. ಕೊನೆಗೆ ತಲೆಯೆತ್ತಿ, "ಅಮ್ಮಾ, ಇದನ್ನೆಲ್ಲಾ ನಾನು ತಿನ್ಬಹುದಾ? ಎಲ್ಲಾನೂ?" ಅಂದಳು.

"ಎಲ್ಲಾನೂ," ಅಂದರು ಅವಳಪ್ಪ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಮೇಜಿನ ಕೆಳಗೆ ನನ್ನ ಚೀಲದಲ್ಲಿ ಪೆನ್ನು ಇದೆಯೇ ಅಂತ ಇನ್ನೊಮ್ಮೆ ಮುಟ್ಟಿ ನೋಡಿದೆ.

ಸೂಪ್ ಬಂತು. ಡುಮ್ಮಿ ಕುಡಿದಳು, ಏನೂ ಆಗಲಿಲ್ಲ. ಅಂಗಡಿಯೊಳಗೆ ಸೆಕೆಯಿತ್ತು, ಜನ ಗಟ್ಟಿಯಾಗಿ ಮಾತಾಡುತ್ತಿದ್ದರು, ನನ್ನ ಬೆನ್ನು ಬೆವರುತ್ತಿತ್ತು. ಮುಂದಿನದು ಗೋಡಂಬಿ ಸಾಸಿನ ನೂಡಲ್ಸ್, ಮೇಲೆ ಹುರಿದ ಅಣಬೆ. ಕಿಂಡಿಯಾಚೆ ಪೈಲ್ವಾನ್ ಅದನ್ನೇ ತಿರುವುತ್ತಿದ್ದ. ಅವನ ಪಕ್ಕದಲ್ಲಿ ಒಂದು ಸ್ಟೀಲ್ ಲೋಟದ ತುಂಬ ಚಮಚಗಳು. ಬಾಣಲೆಗೆ ಒಂದು ಅದ್ದುತ್ತಾನೆ, ನಾಲಿಗೆಗೆ ಮುಟ್ಟಿಸುತ್ತಾನೆ, ಆ ಚಮಚವನ್ನು ತೊಟ್ಟಿಗೆ ಹಾಕಿ ಇನ್ನೊಂದು ತೆಗೆಯುತ್ತಾನೆ. ಶುದ್ಧವಾದ ಕೆಲಸ, ಮೊದಲ ದಿನವೇ ನೋಡಿ ಮೆಚ್ಚಿದ್ದೆ. ಅಷ್ಟರಲ್ಲಿ ಹಿಂಬಾಗಿಲಿನಿಂದ ಒಂದು ಕೈ ಬಂದು ಗಾಜಿನ ಗ್ಲಾಸೊಂದನ್ನು ಅವನ ಪಕ್ಕದಲ್ಲಿಟ್ಟು ಹೋಯಿತು. ಪಕ್ಕದ ಟೀ ಅಂಗಡಿಯ ಚಹಾ. ಪೈಲ್ವಾನ್ ಅದಕ್ಕೆ ಇನ್ನಷ್ಟು ಸಕ್ಕರೆ ಸುರಿದ. ಲೋಟದಿಂದ ಒಂದು ಚಮಚ ತೆಗೆದು ಕಲಕಿದ, ಗ್ಲಾಸಿನ ಅಂಚಿಗೆ ಟಣ್ ಅಂತ ಬಡಿದು ಮತ್ತೆ ಲೋಟಕ್ಕೇ ಹಾಕಿದ. ಒಂದು ಗುಟುಕು ಕುಡಿದ. ಲೋಟದಿಂದ ಚಮಚ ತೆಗೆದು ಬಾಣಲೆಗೆ ಅದ್ದಿದ.

ನಾನು ಇದನ್ನೆಲ್ಲ ನೋಡಿದೆ. ನೋಡುತ್ತಲೇ ಇದ್ದೆ. ಚಹಾ ಯಾವ ಬಣ್ಣದ್ದು ಅಂತ ನನ್ನ ತಲೆಗೆ ಹೊಳೆಯುವಷ್ಟರಲ್ಲಿ ತಟ್ಟೆ ನಮ್ಮ ಮೇಜಿಗೆ ಬಂದಿತ್ತು, ಡುಮ್ಮಿ ಫೋರ್ಕಿಗೆ ನೂಡಲ್ಸ್ ಸುತ್ತಿ ಊದಿ ಬಾಯಿಯ ಹತ್ತಿರ ತಂದಿದ್ದಳು.

ನಾನು ಹೊಡೆದೆ. ಅವಳ ಕೈಗೆ, ನನ್ನ ಶಕ್ತಿಯನ್ನೆಲ್ಲ ಹಾಕಿ. ಫೋರ್ಕು ಯಾರದೋ ಕುರ್ಚಿಯಡಿಗೆ ಹಾರಿತು, ತಟ್ಟೆ ಮಗುಚಿ ಅವಳ ಹೊಸ ಅಂಗಿಯ ಮೇಲೆಲ್ಲ ಬಿಸಿ ಸಾಸು ಚೆಲ್ಲಿತು. ಅವಳ ದವಡೆ ಹಿಡಿದು, "ನುಂಗಿದ್ಯಾ? ಬಾಯಿ ತೆಗಿ! ನುಂಗಿದ್ಯಾ ಹೇಳು!" ಅಂತ ಕೂಗುತ್ತಿದ್ದೆ. ಇಡೀ ಅಂಗಡಿ ತಿರುಗಿ ನೋಡುತ್ತಿತ್ತು. ಡುಮ್ಮಿ ಕಣ್ಣು ಅಗಲಿಸಿ ಇಲ್ಲ ಇಲ್ಲ ಅಂತ ತಲೆಯಾಡಿಸಿದಳು. ಅವಳ ತುಟಿಗೂ ತಗುಲಿರಲಿಲ್ಲ.

ಪೈಲ್ವಾನ್ ಹೊರಗೆ ಓಡಿಬಂದ. ನಾನು ಕಿಂಡಿಯತ್ತ, ಅಲ್ಲಿದ್ದ ಚಹಾದ ಗ್ಲಾಸಿನತ್ತ ಕೈ ತೋರಿಸಿದೆ.

"ಅದು ನನ್ನ ಚಹಾ ಅಕ್ಕಾ. ಅಡುಗೆಗಲ್ಲ, ನಾನು ಕುಡಿಯೋಕೆ..." ಅಂದವನು ಅರ್ಧಕ್ಕೇ ನಿಂತ. ಗ್ಲಾಸಿನಲ್ಲಿದ್ದ ಹಾಲಿನ ಚಹಾ ನೋಡಿದ, ಚಮಚಗಳ ಲೋಟ ನೋಡಿದ. ಅಷ್ಟು ದೊಡ್ಡ ಆಳು ಹತ್ತಿರದಲ್ಲಿದ್ದ ಯಾರದೋ ಕುರ್ಚಿಯ ಮೇಲೆ ಧೊಪ್ಪನೆ ಕೂತ. ಒಳಗಿನ ಒಂದೊಂದು ಡಬ್ಬವನ್ನೂ ಕಾದವನಿಗೆ ತಾನು ದಿನಾ ಕುಡಿಯುವ ಚಹಾ ಅಡುಗೆಮನೆಯ ಲೆಕ್ಕಕ್ಕೆ ಸೇರುತ್ತದೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಅಷ್ಟೆಲ್ಲ ಕೇಳಿದ ನಾನೂ ಅವನು ಏನು ಕುಡಿಯುತ್ತಾನೆ ಅಂತ ಕೇಳಿರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಗೆದ್ದವಳ ಹಾಗೆ ಮಾತಾಡಿದೆ. "ನೋಡಿದ್ರಾ? ನಾನು ಸುಮ್ಸುಮ್ನೆ ಹೆದರ್ತೀನಿ ಅಂತಿದ್ರಲ್ಲ, ಈಗೇನಂತೀರಾ?" ಹಿಂದಿನ ಸೀಟಿನಲ್ಲಿ ಡುಮ್ಮಿ ಅಂಗಿಯ ಮೇಲಿನ ಸಾಸಿಗೆ ಕೈ ತಾಗದಂತೆ ಎರಡೂ ಕೈಗಳನ್ನು ಮೇಲೆತ್ತಿ ಕೂತಿದ್ದಳು.

"ಅಮ್ಮಾ, ನೀನು ಆ ಕಡೆ ನೋಡ್ದೇ ಇದ್ದಿದ್ರೆ?" ಅಂದಳು.

"ನೋಡಿದ್ನಲ್ಲ."

"ಅಪ್ಪ ಏನೋ ಹೇಳಿ ನೀನು ಈ ಕಡೆ ತಿರುಗಿದ್ದಿದ್ರೆ?"

ಖಾಲಿ ರಸ್ತೆಯಲ್ಲಿ ನನ್ನ ಕಾಲು ಬ್ರೇಕ್ ಒತ್ತಿತು.

ಡುಮ್ಮಿ ಬದಲಾದದ್ದು ಮೊದಲು ನನ್ನ ಗಮನಕ್ಕೆ ಬರಲಿಲ್ಲ. ಊಟಕ್ಕೆ ಮುಂಚೆ ಡುಮ್ಮಿ ತಟ್ಟೆಯನ್ನು ಇನ್ನೊಮ್ಮೆ ತೊಳೆದುಕೊಂಡಳು. ಒಳ್ಳೆಯದೇ ಅಂದುಕೊಂಡೆ. ಆಮೇಲೆ ಚಮಚ ಮೂಸಿ ನೋಡತೊಡಗಿದಳು. ಸೋಯಾ ಹಾಲಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ಓದಿ, ಒಡೆಯದೆ ವಾಪಸ್ ಇಟ್ಟಳು. ಒಂದು ಬೆಳಗ್ಗೆ ನಾನು ಬ್ರೆಡ್ ಕತ್ತರಿಸುತ್ತಿದ್ದಾಗ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದಳು.

"ಕೈ ತೊಳ್ದ್ಯಾ?"

"ತೊಳ್ದೆ ಕಣೇ."

"ಸೋಪು ಹಾಕಿ? ನಿನ್ನ ಹತ್ರ ಕಲಿಯೋಕೆ ಬರೋರು ಹಾಲು ಕುಡಿದು ಸ್ಟಿಯರಿಂಗ್ ಮುಟ್ಟಿರ್ತಾರೆ. ಅದನ್ನ ನೀನೂ ಮುಟ್ತೀಯ."

ಆ ಮಾತು ನನ್ನದು. ಅವಳ ಬಾಯಲ್ಲಿ ಬಂದಿತ್ತು ಅಷ್ಟೇ, ಅದರ ದಾಟಿ, ಅದರ ಲೆಕ್ಕಾಚಾರ ಎಲ್ಲ ನನ್ನದು. ಅದಕ್ಕೆ ನಾನು ಏನು ಎದುರಾಡಲಿ? ಹೋಗಿ ಇನ್ನೊಮ್ಮೆ ಕೈ ತೊಳೆದು ಬಂದೆ. ಬರುವಷ್ಟರಲ್ಲಿ ಅವಳು ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಹೋಗಿದ್ದಳು.

ಆಮೇಲೆ ತನಗೆ ಅಂತ ಒಂದು ಪುಟ್ಟ ಪಾತ್ರೆ ಇಟ್ಟುಕೊಂಡು, ಅದರಲ್ಲಿ ತಾನೇ ಆಲೂಗಡ್ಡೆ ಬೇಯಿಸಿ ತಿನ್ನತೊಡಗಿದಳು. ಉಪ್ಪೂ ಇಲ್ಲ, ಉಪ್ಪಿನ ಡಬ್ಬಕ್ಕೆ ಎಲ್ಲರೂ ಕೈ ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಅದೂ ಬೇಡವಾಯಿತು, ಬಾಳೆಹಣ್ಣು ಮಾತ್ರ, ಸಿಪ್ಪೆ ತಾನೇ ಸುಲಿಯಬೇಕು. ನಾನು ಬೈದೆ, ಅತ್ತೆ, ಅವಳಿಗಿಷ್ಟವಾದದ್ದನ್ನೆಲ್ಲ ಮಾಡಿ ಮುಂದಿಟ್ಟೆ. ಬಾಯಿಯ ಹತ್ತಿರ ತರುತ್ತಾಳೆ, ನನ್ನ ಮುಖ ನೋಡುತ್ತಾಳೆ, ಕೆಳಗಿಡುತ್ತಾಳೆ. ಅವಳಿಗೆ ಹಸಿವಿತ್ತು. ಹೊಟ್ಟೆ ಗುರ್ ಅನ್ನುವುದು ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ಶಾಲೆಯ ಅಂಗಿ ಮೊಳೆಗೆ ನೇತುಹಾಕಿದಂತೆ ಅವಳ ಹೆಗಲಿನಿಂದ ಜೋತುಬಿತ್ತು. ಡುಮ್ಮಿ ಅಂತ ಕರೆಯಲು ನನಗೆ ಬಾಯಿ ಬರುತ್ತಿರಲಿಲ್ಲ.

ಶಾಲೆಯ ಮೆಟ್ಟಿಲ ಮೇಲೆ ಅವಳು ಕಣ್ಣುಕತ್ತಲೆ ಬಂದು ಬಿದ್ದ ದಿನ ಮತ್ತೆ ಅದೇ ಆಸ್ಪತ್ರೆಗೆ ಹೋದೆವು. ಡಾಕ್ಟರು ತೂಕ ನೋಡಿದರು, ರಕ್ತ ಪರೀಕ್ಷೆ ನೋಡಿದರು, ನನ್ನನ್ನು ಹೊರಗೆ ಕರೆದರು.

"ಇದನ್ನ ಹಾಲು ಮಾಡಿಲ್ಲ," ಅಂದರು. "ಭಯ ಮಾಡಿದೆ. ಹೀಗೇ ಬಿಟ್ರೆ ಹಾಲಿಗಿಂತ ಏನೂ ಕಮ್ಮಿಯಿಲ್ಲ ಇದು. ಮಾತಾಡಿ ಗುಣ ಮಾಡೋ ಡಾಕ್ಟರೊಬ್ರಿದ್ದಾರೆ, ಅವ್ರ ಹತ್ರ ಕಳಿಸ್ತೀನಿ. ಆದ್ರೆ ಮನೇಲೂ ಏನಾದ್ರೂ ಬದಲಾಗ್ಬೇಕಮ್ಮ."

ಆಸ್ಪತ್ರೆಯ ಆ ಉದ್ದದ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತೆ. ನನ್ನ ಮಗಳ ಹತ್ತಿರ ಸಾವು ಬರಬಾರದು ಅಂತ ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಹಾಕಿದ್ದೆ. ಈಗ ಅದು ಒಳಗೇ ಇತ್ತು, ನಾನೇ ಚಿಲಕ ಹಾಕಿ ಕೂಡಿಹಾಕಿದ್ದೆ. ಹಾಲು ತಗುಲಿದರೆ ಹೋಗುತ್ತಾಳೆ ಅನ್ನುವ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಅದರ ಮೇಲೆ ತಿನ್ನದೆ ಹೋಗುತ್ತಾಳೆ ಅನ್ನುವುದೂ ಸೇರಿತು. ಯಾವ ಕಡೆ ಬ್ರೇಕ್ ಒತ್ತಬೇಕು ಅಂತ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ನಮ್ಮ ಯಜಮಾನರ ಮೇಲೆ ಹಾಯ್ದೆ. ನೀವು ಏನೂ ಮಾಡಲ್ಲ, ನಗೋದೊಂದೇ ಗೊತ್ತು ಅಂದೆ. ಅವರು ನಗಲಿಲ್ಲ.

"ಲಿಫ್ಟು ಮಧ್ಯದಲ್ಲಿ ನಿಂತ್ಬಿಟ್ರೆ ನಾನು ಮೊದ್ಲು ಏನ್ಮಾಡ್ತೀನಿ ಗೊತ್ತಾ?" ಅಂದರು. "ಒಳಗಿರೋರ ಜೊತೆ ಮಾತಾಡ್ತೀನಿ. ಅವ್ರಿಗೆ ನಾನು ಕಾಣ್ಸಲ್ಲ, ದನಿ ಮಾತ್ರ ಕೇಳ್ಸುತ್ತೆ. ನನ್ ದನಿ ನಡುಗಿದ್ರೆ ಬಾಗ್ಲು ಕಿತ್ಕೊಂಡು ಹೊರಗೆ ಬರೋಕೆ ಹೋಗ್ತಾರೆ. ಸಾಯೋದು ಆಗಲೇ ಕಣೇ, ಹಗ್ಗ ಹರಿದು ಯಾರೂ ಸತ್ತಿದ್ದು ನಾನು ನೋಡಿಲ್ಲ."

"ನನ್ ದನಿ ನಡುಗುತ್ತೆ. ಏನ್ಮಾಡ್ಲಿ?"

"ಅದೇ ನಂಗೂ ಗೊತ್ತಿಲ್ಲ," ಅಂದರು. ಅವರ ದನಿಯೂ ನಡುಗಿತು. ಇಷ್ಟು ವರ್ಷದಲ್ಲಿ ನಾನು ಅದನ್ನು ಮೊದಲ ಸಲ ಕೇಳಿದ್ದು.

ಆ ವಾರದಲ್ಲೇ ಪೈಲ್ವಾನ್ ಬೀದಿಯಲ್ಲಿ ನನ್ನ ಕಾರಿಗೆ ಅಡ್ಡ ಬಂದು ನಿಂತ. ಅವನೂ ಸೊರಗಿದ್ದ. ಹೊರಗಿನ ಚಹಾ ಈಗ ಹೊಸ್ತಿಲ ಒಳಗೆ ಬರುವುದಿಲ್ಲ, ಕುಡಿಯುವವರು ರಸ್ತೆಯಲ್ಲಿ ನಿಂತು ಕುಡಿದು ಕೈ ತೊಳೆದು ಬರಬೇಕು, ಲೋಟದಿಂದ ತೆಗೆದ ಚಮಚ ತೊಳೆಯದೆ ಲೋಟಕ್ಕೆ ಹೋಗುವುದಿಲ್ಲ ಅಂತ ಒಂದೇ ಉಸಿರಿನಲ್ಲಿ ಹೇಳಿದ.

"ಮಗೂನ ಒಂದ್ಸಲ ಕರ್ಕೊಂಡ್ಬನ್ನಿ ಅಕ್ಕಾ. ತಿನ್ನೋದು ಬೇಡ. ಒಳಗೆ ಬಂದು ಎಲ್ಲಾ ನೋಡ್ಲಿ, ನನ್ನನ್ನ ಬಾಯಿಗೆ ಬಂದ ಹಾಗೆ ಬೈಲಿ. ಆ ಫೋರ್ಕು ಬಾಯಿ ಹತ್ರ ಇತ್ತಲ್ಲ, ಅದೇ ಕಣ್ಣಿಗೆ ಕಟ್ಟಿದೆ."

ನಿನಗೆ ನಾಚಿಕೆಯಾಗಬೇಕು ಅಂತ ಕೂಗಿ ಕಾರು ಮುಂದೆ ಬಿಡಿಸಿದೆ. ಪಕ್ಕದಲ್ಲಿದ್ದ ಕಲಿಯುವ ಹುಡುಗಿ ಹೆದರಿ ಗೇರ್ ತಪ್ಪಿಸಿದಳು. ಆದರೆ ಮನೆಯಲ್ಲಿ ಆ ಮಾತನ್ನು ಹೇಳದೆ ಇರಲಾಗಲಿಲ್ಲ. ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ನಮ್ಮ ಯಜಮಾನರಿಗೆ ಹೇಳುತ್ತಿದ್ದೆ, ಡುಮ್ಮಿ ಬಾಗಿಲಲ್ಲಿ ಬಂದು ನಿಂತಿದ್ದಳು.

"ನಾನು ಹೋಗ್ತೀನಿ," ಅಂದಳು. "ಆದ್ರೆ ಅಮ್ಮ ಒಳಗೆ ಬರ್ಬಾರ್ದು."

"ಯಾಕೆ? ನಾನೇನ್ ಮಾಡ್ತೀನಿ?"

"ನೀನಿದ್ರೆ ನಾನು ಊಟ ನೋಡಲ್ಲ. ನಿನ್ನ ಮುಖ ನೋಡ್ತೀನಿ."

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಆಗಲಿ ಅಂದೆ. ಆಗಲಿ ಅಂದವಳು ನಾನೇ ಅಂತ ನನಗೆ ನಂಬಿಕೆ ಬರಲಿಲ್ಲ.

ಶನಿವಾರ ಬೆಳಗ್ಗೆ, ಅಂಗಡಿ ತೆರೆಯುವ ಮುಂಚೆ ಹೋದೆವು. ಡುಮ್ಮಿ ಪೆನ್ನನ್ನು ನನ್ನ ಚೀಲದಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. ಅವಳಪ್ಪ ಅವಳ ಜೊತೆ ಒಳಗೆ ಹೋದರು, ಅಡುಗೆಮನೆಗಲ್ಲ, ಊಟದ ಕೋಣೆಯವರೆಗೆ. ಪೈಲ್ವಾನ್ ಬಾಗಿಲು ಹಿಡಿದು ನಿಂತಿದ್ದ, ನನ್ನ ಮುಖ ನೋಡುವ ಧೈರ್ಯ ಅವನಿಗೆ ಇರಲಿಲ್ಲ. ಬಾಗಿಲು ಮುಚ್ಚಿತು. ನಾನು ಅಂಗಡಿಯ ಮುಂದಿನ ಬೆಂಚಿನ ಮೇಲೆ ಗಾಜಿಗೆ ಬೆನ್ನು ಮಾಡಿ ಕೂತೆ.

ಎದುರಿನ ಬಟ್ಟೆ ಒಗೆಯುವ ಅಂಗಡಿಯವಳು ಷಟರ್ ಎತ್ತಿದಳು. ಹಾಲಿನ ವ್ಯಾನೊಂದು ಹೋಯಿತು, ಕ್ರೇಟುಗಳು ಗಲಗಲ ಅಂದವು. ಆ ವ್ಯಾನಿಗೂ ಶಾಪ ಹಾಕಿದೆ. ಒಳಗಿನಿಂದ ಮೊದಲು ಪೈಲ್ವಾನನ ದನಿ ಕೇಳಿಸಿತು, ಆಮೇಲೆ ಡುಮ್ಮಿಯದು. ಅವಳು ಏನೋ ಕೇಳುತ್ತಿದ್ದಳು, ಅವನು ಹೂಂ ಮರಿ, ಹೂಂ ಮರಿ ಅನ್ನುತ್ತಿದ್ದ. ನಲ್ಲಿಯ ನೀರು ಬಹಳ ಹೊತ್ತು ಬಿದ್ದಿತು. ಎಣ್ಣೆ ಚುರ್ ಅಂದಿತು. ಆಮೇಲೆ ಸದ್ದೇ ಇಲ್ಲ.

ಆ ಸುಮ್ಮನಿರುವಿಕೆ ನನ್ನನ್ನು ಕೊಂದಿತು. ತಿನ್ನುತ್ತಿದ್ದಾಳೆ ಅಂದುಕೊಂಡೆ. ಕೂಡಲೇ, ಮಾತಾಡಲಾಗುತ್ತಿಲ್ಲ ಅಂದುಕೊಂಡೆ. ದನಿ ಹೋಗಿದೆ, ಅವಳಪ್ಪ ಅವಳನ್ನು ನೋಡುವುದು ಬಿಟ್ಟು ಮೊಬೈಲ್ ನೋಡುತ್ತಿದ್ದಾರೆ, ಪೈಲ್ವಾನ್ ಬೆನ್ನು ತಿರುಗಿಸಿ ನಿಂತಿದ್ದಾನೆ, ಅವಳು ಗಂಟಲು ಹಿಡಿದುಕೊಂಡಿದ್ದಾಳೆ. ಎಲ್ಲ ಕಣ್ಣಿಗೆ ಕಾಣುತ್ತಿತ್ತು. ಆಗ ಒಳಗೆ ಏನೋ ಢಣ್ ಅಂತ ಬಿತ್ತು. ಎದ್ದು ನಿಂತೇಬಿಟ್ಟೆ. ತಿರುಗಿದರೆ ಸಾಕು, ಗಾಜಿನ ಆಚೆ ಎಲ್ಲ ಕಾಣುತ್ತದೆ. ಆದರೆ ಅವಳಿಗೂ ನಾನು ಕಾಣುತ್ತೇನೆ, ನನ್ನ ಈ ಮುಖ ಕಾಣುತ್ತದೆ. ಫೋರ್ಕು ಈಗ ಬಾಯಿಯ ಹತ್ತಿರ ಇದ್ದರೆ? ಬೆಂಚಿನ ಅಂಚು ಹಿಡಿದು ಮತ್ತೆ ಕೂತೆ. ಉಗುರು ಮರಕ್ಕೆ ನಾಟಿತು. ದೇವರೇ, ಅವಳ ದನಿ ಕೇಳಿಸು, ಒಂದು ಮಾತು ಸಾಕು, ಬೈಗುಳವಾದರೂ ಸರಿ ಅಂತ ಬೇಡಿಕೊಂಡೆ. ಇಷ್ಟು ಹೆದರಿ ನಾನು ಯಾವತ್ತೂ ಕೂತಿರಲಿಲ್ಲ. ಆಸ್ಪತ್ರೆಗೆ ಓಡಿಸುವಾಗ ಕೈಯಲ್ಲಿ ಸ್ಟಿಯರಿಂಗಾದರೂ ಇತ್ತು.

ಬಾಗಿಲು ತೆರೆಯಿತು.

ಡುಮ್ಮಿ ನನ್ನ ಪಕ್ಕದಲ್ಲಿ ಬಂದು ಕೂತಳು. ಮುಖ ಬಿಳುಚಿತ್ತು, ಕೂದಲು ಬೆವರಿಗೆ ಅಂಟಿತ್ತು. ಉಸಿರು ಸಲೀಸಾಗಿತ್ತು. ಬಾಯಿಯ ಅಂಚಿನಲ್ಲಿ ಸಾಸು ಒಣಗಿತ್ತು. ಕೈಯಲ್ಲಿ ನೂಡಲ್ಸಿನ ತಟ್ಟೆ, ಅದರಲ್ಲಿ ಅರ್ಧ ಖಾಲಿ.

"ನಾನೇ ಮಾಡಿದ್ದು," ಅಂದಳು. "ಪೈಲ್ವಾನ್ ಮಾಮ ಬರೀ ಒಲೆ ಹಚ್ಚಿಕೊಟ್ರು. ಮೊದ್ಲು ನಾಲಿಗೆ ತುದಿಗೆ ಇಟ್ಕೊಂಡು ಕಾದೆ. ಆಮೇಲೆ ತಿಂದೆ. ಇದು ನಿಂಗೆ."

"ಏನೋ ಬಿದ್ದ ಸದ್ದಾಯ್ತು?"

"ಅಪ್ಪ ಕುರ್ಚಿ ಬೀಳ್ಸಿದ್ರು. ನಾನು ಬಾಯಿಗಿಟ್ಟಾಗ ಅವ್ರು ಎದ್ದು ನಿಂತ್ಬಿಟ್ರು."

ಬಾಣಲೆ ಯಾರು ತೊಳೆದದ್ದು, ಗೋಡಂಬಿ ರುಬ್ಬಿದ ಜಾರು ಯಾವುದು ಅಂತ ಕೇಳಲು ಬಾಯಿ ತೆರೆದೆ. ಅವಳು ತಲೆಯಾಡಿಸಿದಳು. "ಕೇಳ್ಬೇಡಮ್ಮ. ತಿನ್ನು."

ಫೋರ್ಕು ತೆಗೆದುಕೊಂಡೆ, ನೂಡಲ್ಸ್ ಸುತ್ತಿದೆ, ಬಾಯಿಯ ಹತ್ತಿರ ತಂದೆ. ಆಮೇಲೆ ಆಗಲಿಲ್ಲ. ನನಗೆ ಹಾಲು ಆಗುತ್ತದೆ, ಮೊಟ್ಟೆ ಆಗುತ್ತದೆ, 'ಇವಳು ಕಲ್ಲು ತಿಂದರೂ ಕರಗಿಸುತ್ತಾಳೆ' ಅಂತ ನಮ್ಮಮ್ಮ ಹೇಳುತ್ತಿದ್ದರು. ಆದರೂ ಹಲ್ಲು ಕಚ್ಚಿಕೊಂಡಿತ್ತು, ಬಿಡಿಸಲಾಗಲಿಲ್ಲ. ನೂಡಲ್ಸ್ ತಟ್ಟೆಗೇ ಜಾರಿತು. ಎರಡನೆಯ ಸಲವೂ ಜಾರಿತು. ಇಷ್ಟು ದಿನ ಮಗಳಿಗೆ ಏನಾಗುತ್ತಿತ್ತು ಅಂತ ಆಗ ಗೊತ್ತಾಗಿ ಅಳು ಬಂತು.

ಡುಮ್ಮಿ ನನ್ನ ಕೈಯಿಂದ ಫೋರ್ಕು ತೆಗೆದುಕೊಂಡಳು. ಒಂದು ಸಣ್ಣ ತುತ್ತು ಸುತ್ತಿ, ಊದಿ ಆರಿಸಿ, ನನ್ನ ಬಾಯಿಗೆ ಹಿಡಿದಳು.

"ನಾನಿದ್ದೀನಲ್ಲಮ್ಮ," ಅಂದಳು. "ಬಾಯಿ ತೆಗಿ."

ತೆಗೆದೆ. ತುತ್ತು ನನ್ನ ಗಂಟಲಲ್ಲಿ ಇಳಿಯುವವರೆಗೂ ಅವಳು ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.